ಹೂವು ವಿಮಾನ ಹತ್ತಬೇಕಾದರೆ

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಹೋದರೆ ಬಿಳಿ ಪ್ಲಾಸ್ಟಿಕ್ ಹೊದಿಸಿದ ದೊಡ್ಡ ದೊಡ್ಡ ಚಪ್ಪರಗಳು ಕಾಣುತ್ತವೆ. ಇವಕ್ಕೆ ಪಾಲಿಹೌಸ್ ಅಂತಾರೆ. ಒಳಗೆ ಗುಲಾಬಿ ಬೆಳೆಯುತ್ತಾರೆ. ಈ ಗುಲಾಬಿಯಲ್ಲಿ ಒಂದು ಪಾಲು ನಮ್ಮ ಊರಿನ ಮಾರುಕಟ್ಟೆಗೆ ಬರುತ್ತದೆ. ಇನ್ನೊಂದು ಪಾಲು ವಿಮಾನ ಹತ್ತಿ ಹೊರದೇಶಕ್ಕೆ ಹೋಗುತ್ತದೆ.

ಹೂವು ಹಡಗಿನಲ್ಲಿ ಏಕೆ ಹೋಗಲ್ಲ? ಹಡಗಿಗೆ ವಾರಗಟ್ಟಲೆ ಬೇಕು. ಅಷ್ಟು ದಿನ ಕೊಯ್ದ ಹೂವನ್ನು ಕೆಡದಂತೆ ಇಡುವುದು ಕಷ್ಟ. ಅದಕ್ಕೇ ಬಾಡಿಗೆ ಹೆಚ್ಚಾದರೂ ವಿಮಾನದಲ್ಲಿ ಕಳಿಸುತ್ತಾರೆ.

ಆದರೆ ಹೂವು ಒಂದೇ ಹೋದರೆ ಸಾಲದು. ಅದರ ಜೊತೆ ಕಾಗದವೂ ಹೋಗಬೇಕು. ಕಾಗದ ಸರಿ ಇಲ್ಲದಿದ್ದರೆ ಹೂವು ವಿಮಾನ ನಿಲ್ದಾಣದಲ್ಲೇ ಕೂತುಬಿಡುತ್ತದೆ. ರಾಗಿ ಮೂಟೆ ನಾಲ್ಕು ದಿನ ಕಾಯುತ್ತದೆ. ಗುಲಾಬಿ ಕಾಯಲ್ಲ.

ಆ ಕಾಗದಗಳು ಯಾವುವು? ಅವುಗಳಲ್ಲಿ ಏನಿರುತ್ತದೆ? ಬನ್ನಿ, ಒಂದೊಂದಾಗಿ ನೋಡೋಣ.

ಮೊದಲು ಮಾಡಿಸಬೇಕಾದ ಕಾಗದಗಳು

ಕೆಲವು ಕಾಗದಗಳನ್ನು ಸರಕು ಕಳಿಸುವುದಕ್ಕೆ ಮೊದಲೇ ಮಾಡಿಸಿ ಇಟ್ಟುಕೊಳ್ಳಬೇಕು.

ಮೊದಲನೆಯದು ಪ್ಯಾನ್ ಕಾರ್ಡು ಮತ್ತು ಬ್ಯಾಂಕ್ ಖಾತೆ. ಎರಡರಲ್ಲೂ ಹೆಸರು ಒಂದೇ ರೀತಿ ಇರಬೇಕು. ರಾಮಯ್ಯ ಅನ್ನುವ ಹೆಸರನ್ನೇ ತಗೊಳ್ಳಿ. ಇಂಗ್ಲಿಷಿನಲ್ಲಿ ಒಂದು ಕಡೆ ಒಂದು 'ವೈ', ಇನ್ನೊಂದು ಕಡೆ ಎರಡು 'ವೈ' ಬರೆದರೆ ಕಂಪ್ಯೂಟರಿಗೆ ಅವರು ಇಬ್ಬರು ಬೇರೆ ಮನುಷ್ಯರು.

ಎರಡನೆಯದು ಆಮದು ರಫ್ತು ಸಂಖ್ಯೆ. ಇದನ್ನು ಐ.ಇ.ಸಿ. ಅಂತ ಕರೆಯುತ್ತಾರೆ. ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಇಲಾಖೆ ಇದನ್ನು ಕೊಡುತ್ತದೆ. 2017ರ ನಂತರ ಕೊಟ್ಟ ಸಂಖ್ಯೆಗಳಲ್ಲಿ ಪ್ಯಾನ್ ಸಂಖ್ಯೆಯೇ ರಫ್ತು ಸಂಖ್ಯೆ. ವ್ಯಾಪಾರಕ್ಕೆ ಹೊರದೇಶಕ್ಕೆ ಸರಕು ಕಳಿಸಲು ಇದು ಬೇಕೇ ಬೇಕು. ಇದರ ವಿವರ ಸರಿಯಾಗಿದೆ ಅಂತ ಪ್ರತಿ ವರ್ಷ ಕಂಪ್ಯೂಟರಿನಲ್ಲಿ ತಿಳಿಸಬೇಕು. ಮರೆತರೆ ಸಂಖ್ಯೆ ಕೆಲಸ ಮಾಡುವುದಿಲ್ಲ.

ಮೂರನೆಯದು ಅಪೆಡಾ ನೋಂದಣಿ. ಹಣ್ಣು, ತರಕಾರಿ, ಹೂವು ಮುಂತಾದವುಗಳ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಇದು. 1986ರಲ್ಲಿ ಶುರುವಾಯಿತು. ಬೆಂಗಳೂರಿನಲ್ಲೂ ಇದರ ಕಚೇರಿ ಇದೆ.

ನಾಲ್ಕನೆಯದು ನಿಮ್ಮ ಬ್ಯಾಂಕು ಕೊಡುವ ಒಂದು ಸಂಖ್ಯೆ. ಹೊರದೇಶದ ಹಣ ಯಾವ ಬ್ಯಾಂಕಿಗೆ ಬರುತ್ತದೆ ಅಂತ ಇದು ಹೇಳುತ್ತದೆ. ಇದನ್ನು ಕಸ್ಟಮ್ಸ್‌ನಲ್ಲಿ, ಅಂದರೆ ಸುಂಕದ ಇಲಾಖೆಯಲ್ಲಿ, ಮೊದಲೇ ಬರೆಸಿರಬೇಕು.

ಒಬ್ಬ ಸಣ್ಣ ರೈತನಿಗೆ ಇಷ್ಟೆಲ್ಲ ಕಷ್ಟವೇ. ಅದಕ್ಕೇ ಎಷ್ಟೋ ಜನ ರಫ್ತು ವ್ಯಾಪಾರಿಗೆ ಹೂವು ಮಾರಿಬಿಡುತ್ತಾರೆ. ಆದರೆ ಹತ್ತಾರು ರೈತರು ಸೇರಿ ಸಂಘ ಮಾಡಿಕೊಂಡರೆ, ಸಂಘದ ಹೆಸರಿನಲ್ಲಿ ಈ ಕಾಗದಗಳನ್ನು ಮಾಡಿಸಬಹುದು.

ಪ್ರತಿ ಸಲವೂ ಬೇಕಾದ ಕಾಗದಗಳು

ಈಗ ಒಂದು ಉದಾಹರಣೆ ತಗೊಳ್ಳೋಣ. ಒಂದು ಸಂಘದವರು 12 ಪೆಟ್ಟಿಗೆ ಗುಲಾಬಿ ಕಳಿಸಬೇಕು. ಒಂದು ಪೆಟ್ಟಿಗೆಯಲ್ಲಿ 20 ಕಟ್ಟು. ಒಂದು ಕಟ್ಟಿನಲ್ಲಿ 20 ಹೂವು. ಅಂದರೆ ಪೆಟ್ಟಿಗೆಗೆ 400 ಹೂವು. ಒಟ್ಟು 4,800 ಹೂವು.

1. ಇನ್‌ವಾಯ್ಸ್. ಇದು ಮಾರಾಟದ ಬಿಲ್ಲು. ಮಾರುವವರು ಯಾರು, ಕೊಳ್ಳುವವರು ಯಾರು, ಎಷ್ಟು ಹೂವು, ಒಂದಕ್ಕೆ ಬೆಲೆ ಎಷ್ಟು, ಒಟ್ಟು ಹಣ ಎಷ್ಟು, ಯಾವ ದೇಶದ ಹಣದಲ್ಲಿ, ವಿಮಾನದ ಬಾಡಿಗೆ ಯಾರು ಕೊಡುತ್ತಾರೆ, ಇದೆಲ್ಲ ಇದರಲ್ಲಿ ಇರುತ್ತದೆ. ಸರಕಿಗೂ ಒಂದು ಸಂಖ್ಯೆ ಇದೆ. ಕೊಯ್ದ ತಾಜಾ ಗುಲಾಬಿಗೆ ನಮ್ಮ ದೇಶದಲ್ಲಿ 06031100. ಇದರ ಮೊದಲ ಆರು ಅಂಕಿಯನ್ನು ಬೇರೆ ದೇಶಗಳಲ್ಲೂ ಗುರುತಿಸುತ್ತಾರೆ. ಭಾಷೆ ಬೇರೆಯಾದರೂ ಅಂಕಿ ಒಂದೇ.

2. ಪ್ಯಾಕಿಂಗ್ ಪಟ್ಟಿ. ಯಾವ ಪೆಟ್ಟಿಗೆಯಲ್ಲಿ ಏನಿದೆ ಅಂತ ಹೇಳುವ ಪಟ್ಟಿ ಇದು. ಪೆಟ್ಟಿಗೆಯ ನಂಬರು, ಅದರೊಳಗಿನ ಹೂವು, ಬರೀ ಹೂವಿನ ತೂಕ, ಪೆಟ್ಟಿಗೆ ಸೇರಿಸಿದ ತೂಕ, ಉದ್ದ, ಅಗಲ, ಎತ್ತರ. ಇದರಲ್ಲಿ ಬೆಲೆ ಬರೆಯಬೇಕಾಗಿಲ್ಲ.

3. ಸಸ್ಯ ಆರೋಗ್ಯ ಪ್ರಮಾಣಪತ್ರ. ಮಕ್ಕಳಿಗೆ ಡಾಕ್ಟರು ಸರ್ಟಿಫಿಕೇಟ್ ಕೊಡುವ ಹಾಗೆ ಹೂವಿಗೂ ಒಂದು ಸರ್ಟಿಫಿಕೇಟ್ ಇದೆ. ಈ ಹೂವಿನಲ್ಲಿ ಹುಳ ಇಲ್ಲ, ರೋಗ ಇಲ್ಲ ಅಂತ ಅದು ಹೇಳುತ್ತದೆ. ಕೇಂದ್ರ ಸರ್ಕಾರದ ಸಸ್ಯ ಸಂಗರೋಧ ಕೇಂದ್ರದ ಅಧಿಕಾರಿಗಳು ಪರೀಕ್ಷೆ ಮಾಡಿ ಕೊಡುತ್ತಾರೆ. ಬೆಂಗಳೂರಿನಲ್ಲಿ ಇಂಥ ಕೇಂದ್ರ ಇದೆ. 1951ರ ಒಂದು ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಇದು ನಡೆಯುತ್ತದೆ. ಒಂದು ದೇಶದ ಹುಳ ಇನ್ನೊಂದು ದೇಶದ ಬೆಳೆಗೆ ಹತ್ತಬಾರದು ಅನ್ನೋದೇ ಇದರ ಉದ್ದೇಶ. ಹೂವು ಅಲ್ಲಿ ಇಳಿದ ಮೇಲೆ ಹುಳ ಸಿಕ್ಕಿದರೆ ಪೂರ್ತಿ ಸರಕನ್ನು ಸುಟ್ಟುಹಾಕಲೂಬಹುದು. ಈ ಪತ್ರ ಆ ಒಂದು ಸರಕಿಗೆ ಮಾತ್ರ. ಹೋದ ವಾರದ ಪತ್ರ ಈ ವಾರ ನಡೆಯಲ್ಲ.

4. ಶಿಪ್ಪಿಂಗ್ ಬಿಲ್. ಹೆಸರಿನಲ್ಲಿ ಬಿಲ್ ಅಂತ ಇದೆ. ಆದರೆ ಇದು ಕಸ್ಟಮ್ಸ್‌ಗೆ ನಾವು ಕೊಡುವ ಅರ್ಜಿ. ಇಂಥ ಸರಕನ್ನು ಇಂಥ ದೇಶಕ್ಕೆ ಕಳಿಸುತ್ತಿದ್ದೇವೆ, ಇದರ ಬೆಲೆ ಇಷ್ಟು, ಹೇಳಿದ್ದೆಲ್ಲ ನಿಜ ಅಂತ ಬರೆದುಕೊಡುವುದು. 1962ರ ಕಸ್ಟಮ್ಸ್ ಕಾಯ್ದೆಯಲ್ಲಿ ಇದರ ನಿಯಮ ಇದೆ. ಈಗ ಇದನ್ನು ಕಂಪ್ಯೂಟರಿನಲ್ಲೇ ತುಂಬುತ್ತಾರೆ. ಅಧಿಕಾರಿ ಒಪ್ಪಿದ ಮೇಲೆ ರಫ್ತಿಗೆ ಅಪ್ಪಣೆ ಸಿಗುತ್ತದೆ. ಅಪ್ಪಣೆ ಇಲ್ಲದೆ ಪೆಟ್ಟಿಗೆ ವಿಮಾನ ಹತ್ತುವ ಹಾಗಿಲ್ಲ.

5. ಏರ್‌ವೇ ಬಿಲ್. ಇದು ವಿಮಾನ ಕಂಪನಿಯ ಕಾಗದ. ಬಸ್ಸಿನಲ್ಲಿ ಲಗೇಜು ಹಾಕಿದರೆ ಚೀಟಿ ಕೊಡ್ತಾರಲ್ಲ, ಹಾಗೆ. ಸರಕು ನಮ್ಮ ಕೈಗೆ ಬಂತು, ಇಂಥ ಊರಿಗೆ ಮುಟ್ಟಿಸುತ್ತೇವೆ ಅಂತ ಒಪ್ಪಿಕೊಳ್ಳುವ ಪತ್ರ. ಮೂರು ಮೂಲ ಪ್ರತಿಗಳು ಇರುತ್ತವೆ. ಹಸಿರು ಪ್ರತಿ ವಿಮಾನ ಕಂಪನಿಗೆ. ಗುಲಾಬಿ ಬಣ್ಣದ್ದು ಸರಕು ಪಡೆಯುವವರಿಗೆ. ನೀಲಿ ಪ್ರತಿ ಕಳಿಸಿದವರಿಗೆ. ಈಗ ಬಹಳ ಕಡೆ ಇದೂ ಕಂಪ್ಯೂಟರಿಗೆ ಬಂದಿದೆ. ಆದರೂ ಒಂದು ಪ್ರತಿ ಕೇಳಿ ಪಡೆದು ಇಟ್ಟುಕೊಳ್ಳಿ.

ಈ ಐದರ ಜೊತೆ ಕೆಲವು ದೇಶಗಳವರು ಬೇರೆ ಪತ್ರಗಳನ್ನೂ ಕೇಳುತ್ತಾರೆ. ಹೂವು ಭಾರತದಲ್ಲೇ ಬೆಳೆದದ್ದು ಅನ್ನುವ ಮೂಲದ ಪ್ರಮಾಣಪತ್ರ ಅಂಥ ಒಂದು ಪತ್ರ. ಯಾವ ದೇಶಕ್ಕೆ ಏನು ಬೇಕು ಅಂತ ಕೊಳ್ಳುವವರನ್ನು ಮೊದಲೇ ಕೇಳಿ ಬರೆದುಕೊಳ್ಳಬೇಕು.

ಏರ್‌ವೇ ಬಿಲ್ಲಿನ ನಂಬರು ಓದೋಣ

ಈ ಬಿಲ್ಲಿನ ಮೇಲೆ 11 ಅಂಕಿಯ ನಂಬರು ಇರುತ್ತದೆ. ಮೊದಲ ಮೂರು ಅಂಕಿ ವಿಮಾನ ಕಂಪನಿಯ ಗುರುತು. ಏರ್ ಇಂಡಿಯಾದ ಗುರುತು 098. ಉಳಿದ ಎಂಟು ಅಂಕಿ ನಮ್ಮ ಸರಕಿನ ನಂಬರು.

ಇದರಲ್ಲಿ ಒಂದು ಚಮತ್ಕಾರ ಇದೆ. ಎಂಟು ಅಂಕಿಯಲ್ಲಿ ಮೊದಲ ಏಳನ್ನು 7ರಿಂದ ಭಾಗಿಸಿ. ಉಳಿಯುವ ಶೇಷವೇ ಎಂಟನೆಯ ಅಂಕಿ. 1234567 ಅನ್ನು 7ರಿಂದ ಭಾಗಿಸಿದರೆ 5 ಉಳಿಯುತ್ತದೆ. ಹಾಗಾಗಿ ಪೂರ್ತಿ ನಂಬರು 12345675. ಶೇಷ ತಾಳೆಯಾಗದಿದ್ದರೆ ನಂಬರು ಬರೆಯುವಾಗ ಎಲ್ಲೋ ತಪ್ಪಿದೆ ಅಂತ ಅರ್ಥ. ಭಾಗಾಕಾರ ಕಲಿತವರು ಮಾಡಿ ನೋಡಿ.

ಊರುಗಳಿಗೆ ಮೂರು ಅಕ್ಷರದ ಗುರುತು ಇದೆ. ಬೆಂಗಳೂರಿಗೆ ಬಿ.ಎಲ್.ಆರ್. ದುಬೈಗೆ ಡಿ.ಎಕ್ಸ್.ಬಿ. ಸಿಂಗಪುರಕ್ಕೆ ಎಸ್.ಐ.ಎನ್.

ತೂಕ ಎರಡು ಬಗೆ

ವಿಮಾನದವರು ತೂಕವನ್ನೂ ನೋಡುತ್ತಾರೆ, ಪೆಟ್ಟಿಗೆ ಹಿಡಿಯುವ ಜಾಗವನ್ನೂ ನೋಡುತ್ತಾರೆ. ಹತ್ತಿ ಮೂಟೆ ಹಗುರ, ಆದರೆ ಗಾಡಿ ತುಂಬಿಬಿಡುತ್ತದೆ ಅಲ್ವಾ? ಹೂವಿನ ಪೆಟ್ಟಿಗೆಯೂ ಹಾಗೆಯೇ.

ಜಾಗದ ಲೆಕ್ಕ ಹೀಗೆ ಮಾಡುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು ಗುಣಿಸುತ್ತಾರೆ. ಬಂದದ್ದನ್ನು 6,000ದಿಂದ ಭಾಗಿಸುತ್ತಾರೆ.

ನಮ್ಮ ಉದಾಹರಣೆಯ ಪೆಟ್ಟಿಗೆ 100 ಉದ್ದ, 40 ಅಗಲ, 30 ಎತ್ತರ. ಗುಣಿಸಿದರೆ 1,20,000. ಭಾಗಿಸಿದರೆ 20. ಅಂದರೆ ಪೆಟ್ಟಿಗೆಯ ಜಾಗದ ತೂಕ 20 ಕಿಲೋ. ತಕ್ಕಡಿಯಲ್ಲಿ ಇಟ್ಟರೆ ಅದು 15 ಕಿಲೋ ಮಾತ್ರ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೇ ಬಾಡಿಗೆ.

12 ಪೆಟ್ಟಿಗೆಗೆ ತಕ್ಕಡಿ ತೂಕ 180 ಕಿಲೋ. ಜಾಗದ ತೂಕ 240 ಕಿಲೋ. ಲೆಕ್ಕಕ್ಕೆ ಕಿಲೋಗೆ 100 ರೂಪಾಯಿ ಬಾಡಿಗೆ ಅಂತ ಇಟ್ಟುಕೊಳ್ಳೋಣ. 18,000 ಅಂದುಕೊಂಡಿದ್ದ ಬಾಡಿಗೆ 24,000 ಆಗುತ್ತದೆ. ಈ ಲೆಕ್ಕ ಗೊತ್ತಿಲ್ಲದೆ ಬೆಲೆ ಹೇಳಿದವರಿಗೆ 6,000 ರೂಪಾಯಿ ಕೈ ಕಚ್ಚುತ್ತದೆ.

ಎಲ್ಲ ಕಾಗದವೂ ಒಂದೇ ಮಾತು ಹೇಳಬೇಕು

ಇಲ್ಲಿಯವರೆಗೆ ಐದು ಕಾಗದ ನೋಡಿದೆವು. ಎಲ್ಲಕ್ಕಿಂತ ಮುಖ್ಯವಾದ ವಿಷಯ ಈಗ ಬರುತ್ತದೆ. ಐದೂ ಕಾಗದ ಒಂದೇ ಮಾತು ಹೇಳಬೇಕು. ಪೆಟ್ಟಿಗೆ 12 ಅಂದರೆ ಐದರಲ್ಲೂ 12. ಕಳಿಸುವವರ ಹೆಸರು, ಪಡೆಯುವವರ ಹೆಸರು ಎಲ್ಲದರಲ್ಲೂ ಒಂದೇ. ತೂಕ ಬರೆದಿರುವ ಕಡೆಯೆಲ್ಲ ತೂಕವೂ ಒಂದೇ.

ತಾಳೆ ಆಗದಿದ್ದರೆ ಏನಾಗುತ್ತದೆ? ಫೆಬ್ರವರಿ ತಿಂಗಳು ಅಂತ ಇಟ್ಟುಕೊಳ್ಳಿ. ಫೆಬ್ರವರಿ 14ಕ್ಕೆ ಪ್ರೇಮಿಗಳ ದಿನ. ಹೊರದೇಶಗಳಲ್ಲಿ ಕೆಂಪು ಗುಲಾಬಿಗೆ ಬಲು ಬೇಡಿಕೆ. ರೈತರು ಆ ಒಂದು ವಾರಕ್ಕಾಗಿ ತಿಂಗಳುಗಟ್ಟಲೆ ದುಡಿದಿರುತ್ತಾರೆ. ಸಾಲವನ್ನೂ ಮಾಡಿರುತ್ತಾರೆ.

ಪ್ಯಾಕಿಂಗ್ ಮಾಡುವಾಗ ಒಂದು ಪೆಟ್ಟಿಗೆಯಲ್ಲಿ ಹುಳ ಕಂಡಿತು. ಅದನ್ನು ತೆಗೆದಿಟ್ಟರು. ಒಳ್ಳೆಯ ಕೆಲಸವೇ. ಆದರೆ ಚೀಟಿಯಲ್ಲಿ 12 ಅನ್ನುವುದನ್ನು 11 ಅಂತ ತಿದ್ದಲಿಲ್ಲ. ಆ ಚೀಟಿ ನೋಡಿ ಆಫೀಸಿನವರು ಎಲ್ಲ ಕಾಗದದಲ್ಲೂ 12 ಅಂತಲೇ ಬರೆದರು. ವಿಮಾನ ನಿಲ್ದಾಣದಲ್ಲಿ ಎಣಿಸಿದರೆ 11.

ಒಂದು ಪೆಟ್ಟಿಗೆ ಎಲ್ಲಿ ಹೋಯಿತು ಅಂತ ಕೇಳುತ್ತಾರೆ. ಶಿಪ್ಪಿಂಗ್ ಬಿಲ್ ತಿದ್ದಬೇಕು. ಇನ್‌ವಾಯ್ಸ್ ತಿದ್ದಬೇಕು. ಸಸ್ಯ ಪ್ರಮಾಣಪತ್ರವನ್ನೂ ಬದಲಾಯಿಸಬೇಕು. ಅಷ್ಟರಲ್ಲಿ ವಿಮಾನ ಹೊರಟುಹೋಗುತ್ತದೆ. 14 ಕಳೆದ ಮೇಲೆ ಆ ಹೂವಿಗೆ ಮೊದಲಿನ ಬೆಲೆ ಎಲ್ಲಿಂದ ಬರಬೇಕು?

ತಪ್ಪಿದ್ದು ಒಂದೇ ಅಂಕಿ. ಹೋದದ್ದು ಒಂದು ಬೆಳೆಯ ಹಣ.

ಅದಕ್ಕೇ ನಾವು ಹೇಳುವುದು, ಪ್ಯಾಕಿಂಗ್ ಮನೆಯಲ್ಲಿ ಬರೆಯುವ ಚೀಟಿಯೇ ಮೊದಲ ದಾಖಲೆ. ಅದನ್ನು ಬರೆಯುವವರು ಹೂವು ಕಟ್ಟುವ ಅಕ್ಕಂದಿರು, ಅಣ್ಣಂದಿರು. ಅವರು ಬರೆದ ಅಂಕಿಯೇ ಕಾಗದದಿಂದ ಕಾಗದಕ್ಕೆ ಹೋಗಿ ಕೊನೆಗೆ ಬೇರೆ ದೇಶ ಮುಟ್ಟುತ್ತದೆ. 1 ಮತ್ತು 7 ಬೇರೆ ಬೇರೆಯಾಗಿ ಕಾಣುವ ಹಾಗೆ ಬರೆಯಿರಿ. ತಪ್ಪಾದರೆ ಮೇಲೆ ಮೇಲೆ ತೀಡಬೇಡಿ. ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾಗಿ ಬರೆಯಿರಿ. ಬದಲಾವಣೆ ಆದರೆ ಆಫೀಸಿಗೆ ಕೂಡಲೇ ಹೇಳಿ.

ಪಡೆಯುವವರ ಹೆಸರು ಬರೆಯುವಾಗ ಜೋಪಾನ

ಹಡಗಿನಲ್ಲಿ ಸರಕು ಕಳಿಸಿದರೆ, ಸಾಮಾನ್ಯವಾಗಿ ಹಡಗಿನ ಮೂಲ ಕಾಗದ ಕೈಗೆ ಬಂದವರಿಗೇ ಸರಕು ಸಿಗುತ್ತದೆ. ಹಣ ಬರುವವರೆಗೆ ಆ ಕಾಗದವನ್ನು ಬ್ಯಾಂಕಿನಲ್ಲಿ ಹಿಡಿದಿಡಬಹುದು. ಏರ್‌ವೇ ಬಿಲ್ ಹಾಗಲ್ಲ. ಅದರಲ್ಲಿ ಯಾರ ಹೆಸರು ಇದೆಯೋ ಅವರಿಗೆ ವಿಮಾನದವರು ಸರಕು ಕೊಟ್ಟುಬಿಡುತ್ತಾರೆ. ನಿಮಗೆ ಹಣ ಬಂತೋ ಇಲ್ಲವೋ ಅಂತ ಕೇಳುವುದಿಲ್ಲ. ಹೊಸ ವ್ಯಾಪಾರಿಯಾದರೆ ಮುಂಗಡ ಹಣ ಕೇಳಿ. ಇಲ್ಲವೇ ಏನು ಮಾಡಬೇಕು ಅಂತ ಬ್ಯಾಂಕಿನವರ ಹತ್ತಿರ ಮೊದಲೇ ಮಾತಾಡಿ.

ಏಜೆಂಟರ ಕೆಲಸ, ನಮ್ಮ ಹೊಣೆ

ಕಸ್ಟಮ್ಸ್ ಕಾಗದ ತುಂಬಲು ಲೈಸೆನ್ಸ್ ಇರುವ ಏಜೆಂಟರು ಇದ್ದಾರೆ. ಅವರ ಸಹಾಯ ಪಡೆಯಿರಿ. ಆದರೆ ಏರ್‌ವೇ ಬಿಲ್ಲಿನಲ್ಲಿ ಸರಕಿನ ಬಗ್ಗೆ ಬರೆದ ವಿವರಕ್ಕೆ ಕಳಿಸುವವರೇ ಹೊಣೆ. ಏಜೆಂಟು ಬರೆದದ್ದು, ನನಗೆ ಗೊತ್ತಿಲ್ಲ ಅಂದರೆ ನಡೆಯಲ್ಲ.

ಆದ್ದರಿಂದ ಖಾಲಿ ಕಾಗದಕ್ಕೆ ಸಹಿ ಹಾಕಬೇಡಿ. ಓದಿ, ಅರ್ಥವಾಗದಿದ್ದರೆ ಓದಿಸಿ ಕೇಳಿ. ಹೆಸರು, ಪೆಟ್ಟಿಗೆ, ತೂಕ, ಹಣ, ಈ ನಾಲ್ಕನ್ನು ಬೆರಳಿಟ್ಟು ನೋಡಿ. ಆಮೇಲೆ ಸಹಿ ಹಾಕಿ. ಇಂಗ್ಲಿಷ್ ಬರದಿದ್ದರೂ ಅಂಕಿ ಬರುತ್ತದೆ ಅಲ್ವಾ? ಅಂಕಿ ತಾಳೆ ನೋಡಲು ಅದೇ ಸಾಕು.

ನೆನಪಿಡಿ

● ಕಾಗದದ ಕೆಲಸ ಹೂವು ಕೊಯ್ಯುವುದಕ್ಕೆ ಮೊದಲೇ ಶುರುವಾಗಬೇಕು.
● ಪೆಟ್ಟಿಗೆ ಎಣಿಸಿ ಬರೆಯಿರಿ. ಇನ್ನೊಬ್ಬರ ಕೈಲಿ ಮತ್ತೊಮ್ಮೆ ಎಣಿಸಿ.
● ಎಲ್ಲ ಕಾಗದಗಳನ್ನೂ ಪಕ್ಕ ಪಕ್ಕ ಇಟ್ಟು ತಾಳೆ ನೋಡಿ.
● ಪ್ರತಿಯೊಂದರ ನಕಲು ಒಂದು ಫೈಲಿನಲ್ಲಿ ಇಡಿ. ಹಣ ಬಂದ ಮೇಲೂ ಎಸೆಯಬೇಡಿ.

ಮಾತಾಡೋಣ, ಲೆಕ್ಕ ಮಾಡೋಣ

1. ಪೆಟ್ಟಿಗೆ ಉದ್ದ 90, ಅಗಲ 40, ಎತ್ತರ 20 ಸೆಂಟಿಮೀಟರ್. ತಕ್ಕಡಿ ತೂಕ 10 ಕಿಲೋ. ಯಾವ ತೂಕಕ್ಕೆ ಬಾಡಿಗೆ ಬೀಳುತ್ತದೆ?
2. ಹೋದ ವಾರದ ಸಸ್ಯ ಆರೋಗ್ಯ ಪ್ರಮಾಣಪತ್ರ ಈ ವಾರ ಏಕೆ ನಡೆಯಲ್ಲ?
3. ನಿಮ್ಮ ಪ್ಯಾನ್ ಕಾರ್ಡು, ಬ್ಯಾಂಕ್ ಪುಸ್ತಕ ತಂದು ಪಕ್ಕದಲ್ಲಿ ಇಡಿ. ಎರಡರಲ್ಲೂ ನಿಮ್ಮ ಹೆಸರು ಒಂದೇ ರೀತಿ ಇದೆಯೇ?