ಗಾಳಿಗೆ ತೂರಿದ ಮರಳುಗಾಡು

ಕಣದಲ್ಲಿ ರಾಗಿ ತೂರುವುದನ್ನು ನಮ್ಮಲ್ಲಿ ಕೆಲವರಾದರೂ ನೋಡಿರ್ತೇವೆ. ಮೊರ ಎತ್ತಿ ಹಿಡಿದು ಸುರಿದರೆ ಕಾಳು ಕಾಲಬುಡದಲ್ಲೇ ಬೀಳುತ್ತೆ, ಹೊಟ್ಟು ದೂರ ಹಾರುತ್ತೆ. ಮರಳುಗಾಡಿನ ಧೂಳು ದೆಹಲಿಯ ಗಾಳಿಯನ್ನು ಹೇಗೆ ಕೆಡಿಸುತ್ತೆ ಅಂತ ತಿಳಿಯೋಕೆ ಇದಕ್ಕಿಂತ ಒಳ್ಳೆ ಡೆಮೊ ಬೇಕಿಲ್ಲ.

ದೆಹಲಿಯಲ್ಲಿ ಗಾಳಿ ಕೆಡೋದು ಚಳಿಗಾಲದಲ್ಲಿ, ನಾವು ಇಂಟರ್ನ್‌ಶಿಪ್‌ಗೆ ಹೋಗೋದು ಮೇ-ಜೂನ್‌ನಲ್ಲಿ, ಮತ್ತೇನು ಚಿಂತೆ ಅನ್ನೋ ಮಾತಿದೆ. 2018ರ ಜೂನ್ ಮಧ್ಯದಲ್ಲಿ ರಾಜಸ್ಥಾನದ ಕಡೆಯಿಂದ ಬಂದ ಧೂಳು ಆ ನಗರವನ್ನು ದಿನಗಟ್ಟಲೆ ಮುಚ್ಚಿತ್ತು. ಪಿಎಂ 10, ಅಂದರೆ 10 ಮೈಕ್ರಾನ್‌ವರೆಗಿನ ಕಣಗಳು, ಘನಮೀಟರಿಗೆ 800 ಮೈಕ್ರೋಗ್ರಾಂ ದಾಟಿದವು. ನಮ್ಮ ದೇಶದ ಮಿತಿ 24 ಗಂಟೆಯ ಸರಾಸರಿಗೆ 100. ಜೂನ್ 17ರವರೆಗೆ ಕಟ್ಟಡ ಕೆಲಸ ನಿಲ್ಲಿಸುವಂತೆ ಆದೇಶ ಬಂತು. ಇದ್ದ ಧೂಳಿಗೆ ಇನ್ನಷ್ಟು ಸೇರದಿರಲಿ ಅನ್ನೋದು ಸರಿಯೇ, ಆದರೆ ಥಾರ್‌ನಿಂದ ಹೊರಟಿದ್ದಕ್ಕೆ ಆದೇಶ ಕೇಳುತ್ತಾ?

ಅದು ಹೊರಡುವ ರೀತಿಯೇ ಮಜವಾಗಿದೆ. ಸಣ್ಣ ಕಣ ಹಗುರ, ಮೊದಲು ಅದೇ ಹಾರಬೇಕು ಅಂತ ಅನ್ನಿಸುತ್ತೆ ಅಲ್ವಾ? ಹಾಗಾಗಲ್ಲ. ತೀರಾ ಸಣ್ಣ ಕಣಗಳು ಒಂದಕ್ಕೊಂದು ಅಂಟಿಕೊಂಡಿರ್ತವೆ, ಗಾಳಿ ನೇರವಾಗಿ ಅವನ್ನು ಕೀಳಲಾರದು. ಮೊದಲು ಏಳೋದು ಸುಮಾರು 100 ಮೈಕ್ರಾನಿನ ಮರಳು. ಅದು ಮೇಲೆ ಹೋಗಲ್ಲ, ಕುಪ್ಪಳಿಸುತ್ತೆ. ಪ್ರತಿ ಸಲ ನೆಲಕ್ಕೆ ಬಡಿದಾಗ ಗುಂಡಿನ ಹಾಗೆ ಹೊಡೆದು ನುಣ್ಣನೆ ಧೂಳನ್ನು ಎಬ್ಬಿಸುತ್ತೆ. ಮರಳಿನ ಈ ಕುಪ್ಪಳಿಕೆಯನ್ನು 1930ರ ದಶಕದಲ್ಲಿ ವಿಂಡ್ ಟನೆಲ್ ಕಟ್ಟಿ ಅಳೆದವರು ಬ್ರಿಟಿಷ್ ಸೇನೆಯ ಎಂಜಿನಿಯರ್ ರಾಲ್ಫ್ ಬ್ಯಾಗ್ನೋಲ್ಡ್. ಅವರ ಪುಸ್ತಕ 1941ರಲ್ಲಿ ಬಂತು. ರಜೆ ಸಿಕ್ಕಾಗ ಕಾರಿನಲ್ಲಿ ಮರಳುಗಾಡು ಸುತ್ತುವ ಹುಚ್ಚು ಇದ್ದವರು!

ಮುಂದಿನದು ಫ್ಲೂಯಿಡ್ ಮೆಕ್ಯಾನಿಕ್ಸ್ ಕ್ಲಾಸಿನ ಸ್ಟೋಕ್ಸ್ ನಿಯಮ. ಕಣ ಕೆಳಗಿಳಿಯುವ ವೇಗ ವ್ಯಾಸದ ವರ್ಗಕ್ಕೆ ಅನುಗುಣ. 10 ಮೈಕ್ರಾನಿನ ಕಲ್ಲುಪುಡಿ ಸೆಕೆಂಡಿಗೆ ಸುಮಾರು 8 ಮಿಲಿಮೀಟರ್ ಇಳಿಯುತ್ತೆ. 2 ಕಿಲೋಮೀಟರ್ ಎತ್ತರದಿಂದ ನೆಲಕ್ಕೆ ಬರೋಕೆ ಹತ್ತಿರ ಹತ್ತಿರ ಮೂರು ದಿನ. ಅಷ್ಟರಲ್ಲಿ ಗಂಟೆಗೆ 36 ಕಿಲೋಮೀಟರ್ ಗಾಳಿ ಅದನ್ನು 2,500 ಕಿಲೋಮೀಟರ್ ದಾಟಿಸಿರುತ್ತೆ. 2.5 ಮೈಕ್ರಾನಿನದ್ದು ಇದರ ಹದಿನಾರನೇ ಒಂದು ಭಾಗದ ವೇಗದಲ್ಲಿ ಇಳಿಯುತ್ತೆ. ಇದು ಕಚ್ಚಾ ಲೆಕ್ಕ ಬಿಡಿ, ಸುಳಿಗಾಳಿ ಕಣಗಳನ್ನು ಮೇಲೆ ಕೆಳಗೆ ಆಡಿಸ್ತಾನೇ ಇರುತ್ತೆ. ಆದರೂ ತೂರುವಿಕೆ ಅರ್ಥವಾಯ್ತಲ್ಲ: ಧೂಳು ದೂರದಿಂದ ಬಂದಷ್ಟೂ ದಪ್ಪನೆಯದು ದಾರಿಯಲ್ಲೇ ಉದುರಿ, ನುಣ್ಣನೆಯದು ಉಳಿಯುತ್ತೆ.

ದಪ್ಪ ಕಣ ಹೆಚ್ಚಾಗಿ ಮೂಗು, ಗಂಟಲು, ಶ್ವಾಸನಾಳದಲ್ಲಿ ಸಿಕ್ಕಿಕೊಂಡು ಕೆಮ್ಮು ತರಿಸುತ್ತೆ. 2.5 ಮೈಕ್ರಾನಿಗಿಂತ ಸಣ್ಣದು ಶ್ವಾಸಕೋಶದ ಆಳದವರೆಗೂ ಇಳಿಯುತ್ತೆ. ಥಾರ್‌ನ ಧೂಳು ಆಕಾಶವನ್ನು ಕಂದು ಮಾಡಿ ಹೆದರಿಸುತ್ತೆ, ಎಲ್ಲರೂ ಕಿಟಕಿ ಮುಚ್ತಾರೆ. ದೂರದ್ದು ಹಾಗೆ ಹೇಳಿಕೊಂಡು ಬರಲ್ಲ. 2017ರ ಅಕ್ಟೋಬರ್ ಕೊನೆಯಲ್ಲಿ ಇರಾಕ್, ಕುವೈತ್, ಸೌದಿ ಅರೇಬಿಯಾ ಕಡೆ ಧೂಳಿನ ಬಿರುಗಾಳಿ ಎದ್ದಿತ್ತು. ನವೆಂಬರ್ 8ರಂದು ದೆಹಲಿಯ ಮಾಲಿನ್ಯದಲ್ಲಿ ಅದರ ಪಾಲು 40%, ಕೂಳೆ ಸುಟ್ಟ ಹೊಗೆಯ ಪಾಲು 25% ಅಂತ ಕೇಂದ್ರ ಭೂವಿಜ್ಞಾನ ಸಚಿವಾಲಯದ 'ಸಫರ್' ಅಂದಾಜು ಮಾಡಿತು. ಇದು ಕಂಪ್ಯೂಟರ್ ಮಾಡೆಲ್‌ನ ಅಂದಾಜು, ತಕ್ಕಡಿಯಲ್ಲಿ ತೂಗಿದ್ದಲ್ಲ. ಆದರೆ ಆ ವಾರ ದೆಹಲಿಯಲ್ಲಿದ್ದವರ ಕಣ್ಣಿಗೆ ಕಂಡಿದ್ದು ಹೊಗೆ ಮಂಜು ಮಾತ್ರ. ಇದನ್ನೇ ಹಿಡಿದು 'ಎಲ್ಲಾ ಗಲ್ಫ್ ಧೂಳು' ಅಂತ ವಾಹನ, ಕಾರ್ಖಾನೆಗಳನ್ನು ಬಿಟ್ಟುಬಿಡೋದು ಜಾಣತನ ಅಲ್ಲ. ನಿಂತ ಗಾಳಿಯಲ್ಲಿ ಊರಿನದ್ದೂ ಹೊರಗಿನದ್ದೂ ಒಂದೇ ಎದೆಗೆ ಹೋಗೋದು.

ಇನ್ನು ಫೋನಿನಲ್ಲಿ ಕಾಣುವ ಎಕ್ಯೂಐ. ಅದು ಎಲ್ಲ ಮಾಲಿನ್ಯಕಾರಕಗಳ ಸರಾಸರಿ ಅಲ್ಲ. ಪ್ರತಿಯೊಂದಕ್ಕೂ ಒಂದು ಉಪಸೂಚ್ಯಂಕ ಇರುತ್ತೆ, ಅದರಲ್ಲಿ ಯಾವುದು ಹೆಚ್ಚೋ ಅದೇ ಎಕ್ಯೂಐ. ಹಾಗಾಗಿ ಎರಡು ದಿನ 420 ತೋರಿಸಿದರೂ ಒಂದು ದಿನ ಪಿಎಂ 10, ಇನ್ನೊಂದು ದಿನ ಪಿಎಂ 2.5 ಕಾರಣ ಇರಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಸಮೀರ್' ಆ್ಯಪ್‌ನಲ್ಲಿ ಪ್ರಮುಖ ಮಾಲಿನ್ಯಕಾರಕ ಯಾವುದು ಅಂತ ನೋಡಬಹುದು. ಇನ್ನೊಂದು ವಿಷಯ, ಕಣಗಳಿಗೆ ಅದು ಲೆಕ್ಕ ಹಾಕೋದು 24 ಗಂಟೆಯ ಸರಾಸರಿ. ಸಂಜೆ ನಾಲ್ಕಕ್ಕೆ ಆಂಧಿ ಎದ್ದರೆ ಸಂಖ್ಯೆ ನಿಧಾನಕ್ಕೆ ಏರುತ್ತೆ, ಆಕಾಶ ತಿಳಿಯಾದ ಮೇಲೂ ಕೆಟ್ಟದ್ದೇ ತೋರಿಸ್ತಿರುತ್ತೆ. ಬ್ಯಾಗಿನಲ್ಲಿ ಇನ್ಹೇಲರ್ ಇರುವವರು ಸಂಜೆ ಕ್ರಿಕೆಟ್‌ಗೆ ಇಳಿಯೋ ಮುಂಚೆ ಮಂಡಳಿಯ ವೆಬ್‌ಸೈಟಿನಲ್ಲಿ ಹತ್ತಿರದ ಸ್ಟೇಷನ್ನಿನ ಗಂಟೆವಾರು ಪಿಎಂ ರೀಡಿಂಗ್ ನೋಡಿಕೊಳ್ಳಿ. ಹೋಗಲೇಬೇಕು ಅಂದರೆ ಎನ್95 ಹಾಕಿ, ಕರ್ಚೀಫ್ ಸಾಲದು.