ಗುಂಡಿಗೆಯಲ್ಲಿ ತುಂಬುವ ಹೂಳು

ಹಿರಿಯೂರಿನ ಬಳಿ ವೇದಾವತಿಗೆ ಅಡ್ಡಲಾಗಿ ಕಟ್ಟಿದ ವಾಣಿವಿಲಾಸ ಸಾಗರವನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. 1907ರಲ್ಲಿ ಮುಗಿದ ಆ ಕಟ್ಟೆ ಇಂದಿಗೂ ಗಟ್ಟಿಯಾಗಿ ನಿಂತಿದೆ. ಆದರೆ ಕಟ್ಟೆ ಎಷ್ಟು ಗಟ್ಟಿಯಾಗಿದ್ದರೂ, ಯಾವುದೇ ಜಲಾಶಯದ ಒಡಲಲ್ಲಿ ಹೂಳು ತುಂಬಿದಷ್ಟೂ ನೀರಿಗೆ ಎಡೆ ಕಡಿಮೆಯಾಗುವುದು. ಮನುಷ್ಯನ ಹೃದಯಕ್ಕೂ ಇಂಥ ಗತಿ ಒದಗುವುದುಂಟು.

ಆರೋಗ್ಯವಂತನ ಎಡ ಹೃತ್ಕುಕ್ಷಿಯು ಬಡಿತವೊಂದಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ಹೊರಗೆ ನೂಕುತ್ತದೆ. ನಿಮಿಷಕ್ಕೆ 72 ಬಡಿತವೆಂದರೆ ಸುಮಾರು 5 ಲೀಟರ್ ಆಯಿತು. ಹೃತ್ಕುಕ್ಷಿ ಕುಗ್ಗಿ, 40 ಮಿಲಿಲೀಟರ್ ಮಾತ್ರ ಹೊರಬೀಳುವಂತಾಯಿತೆನ್ನೋಣ. ಆಗ ಅದೇ 5 ಲೀಟರಿಗಾಗಿ ಹೃದಯವು ನಿಮಿಷಕ್ಕೆ 125 ಸಲ ಬಡಿಯಬೇಕು, ಅದೂ ಹಗಲಿರುಳು. ಎಷ್ಟು ಕಾಲ ತಾಳೀತು?

ಎಂಡೋಮಯೋಕಾರ್ಡಿಯಲ್ ಫೈಬ್ರೋಸಿಸ್ ಎಂಬ ರೋಗದಲ್ಲಿ ಹೃದಯದ ಒಳಪೊರೆಯ ಮೇಲೆ ನಾರಿನಂಥ ಅಂಗಾಂಶ ದಪ್ಪವಾಗಿ ಬೆಳೆದು ಹೃತ್ಕುಕ್ಷಿಯ ಎಡೆಯನ್ನು ಆಕ್ರಮಿಸುತ್ತದೆ, ಕವಾಟಗಳು ಸೋರತೊಡಗುತ್ತವೆ. ಡೇವೀಸ್ ಎಂಬ ವೈದ್ಯವಿಜ್ಞಾನಿ 1948ರಲ್ಲಿ ಉಗಾಂಡದಲ್ಲಿ ಇದನ್ನು ವರ್ಣಿಸಿದರು. ಕೇರಳದಲ್ಲಿ ಇದು ಬಡವರ ಮಕ್ಕಳನ್ನೂ ತರುಣರನ್ನೂ ಕಾಡಿತು.

ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಇಂಥ ಹೃದಯಗಳಿಗೆ ಶಸ್ತ್ರಚಿಕಿತ್ಸೆ ಮಾಡಿದವರು ಡಾ. ಎಂ. ಎಸ್. ವಲಿಯತ್ತಾನ್ (1934–2024). ಮುಂದೆ 1993ರಲ್ಲಿ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಪ್ರಥಮ ಕುಲಪತಿಗಳಾಗಿ ಬಂದವರೂ ಇವರೇ. ನಾರನ್ನು ಕೆತ್ತಿ ತೆಗೆದು, ಕೆಟ್ಟ ಕವಾಟಕ್ಕೆ ಬದಲು ಕೃತಕ ಕವಾಟವನ್ನು ಕೂಡಿಸುವುದು ಚಿಕಿತ್ಸೆಯ ಕ್ರಮ. ಅಷ್ಟಕ್ಕೆ ಶಸ್ತ್ರವೈದ್ಯನ ಹೊಣೆ ತೀರಿತು. ಆದರೆ ಹೂಳೆತ್ತುವುದು ಒಂದು ಕೆಲಸ. ಆ ಮಣ್ಣು ಯಾವ ಗುಡ್ಡದಿಂದ ಕೊಚ್ಚಿಬಂತೆಂದು ಹುಡುಕುವುದು ಇನ್ನೊಂದು. ವಲಿಯತ್ತಾನರು ಎರಡಕ್ಕೂ ಕೈಹಾಕಿದರು.

ರೋಗಿಗಳ ಹೃದಯದ ಅಂಗಾಂಶವನ್ನು ಪರೀಕ್ಷಿಸಿದಾಗ ಅವರಿಗೂ ಅವರ ಸಹೋದ್ಯೋಗಿಗಳಿಗೂ ಸೀರಿಯಂ ಎಂಬ ಧಾತು ಹೆಚ್ಚಾಗಿಯೂ ಮೆಗ್ನೀಸಿಯಂ ಕಡಿಮೆಯಾಗಿಯೂ ಕಂಡುಬಂದವು. ಕೇರಳದ ಕಡಲತೀರದ ಮೊನಜೈಟ್ ಮರಳಿನಲ್ಲಿ ಸೀರಿಯಂ ಹೇರಳವಾಗಿದೆ. ಮಣ್ಣಿನಿಂದ ಆಹಾರಕ್ಕೆ, ಆಹಾರದಿಂದ ಹೃದಯಕ್ಕೆ ಅದು ಬಂದಿರಬಹುದೆ? ಮೆಗ್ನೀಸಿಯಂ ಕೊರತೆಯು ಅದರ ಹಾನಿಯನ್ನು ಹೆಚ್ಚಿಸಿರಬಹುದೆ?

ಊಹೆಗೆ ಪ್ರಯೋಗದ ಆಸರೆ ಬೇಕು. ಆದುದರಿಂದ ಹೃದಯದಲ್ಲಿ ನಾರನ್ನು ನೇಯುವ ಫೈಬ್ರೋಬ್ಲಾಸ್ಟ್ ಜೀವಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ಸೀರಿಯಂ ಸೇರಿಸಿ ನೋಡಿದರು. ಅಲ್ಪ ಪ್ರಮಾಣದಲ್ಲಿ ಅದು ನಾರಿನ ಮೂಲವಸ್ತುವಾದ ಕೊಲಾಜನ್ನಿನ ಉತ್ಪತ್ತಿಯನ್ನು ಹೆಚ್ಚಿಸಿತು. ಪ್ರಮಾಣ ಏರಿದಾಗ ತಗ್ಗಿಸಿತು. ಹೆಚ್ಚು ವಸ್ತುವಿಗೆ ಹೆಚ್ಚು ಪರಿಣಾಮವೆಂಬ ನೇರ ಲೆಕ್ಕ ಜೀವಕೋಶದಲ್ಲಿ ಯಾವಾಗಲೂ ನಡೆಯದು.

ಇಷ್ಟರಿಂದ ಸೀರಿಯಮ್ಮೇ ಅಪರಾಧಿಯೆಂದು ತೀರ್ಪು ಕೊಡಬಹುದೆ? ಕೂಡದು. ಕೇರಳದಲ್ಲಿ ಈ ರೋಗ ಈಗ ಬಹಳ ಇಳಿದಿದೆ. ಮರಳು ಮಾತ್ರ ಇದ್ದಲ್ಲೇ ಇದೆ. ಪೌಷ್ಟಿಕ ಆಹಾರದ ಕೊರತೆ, ಪರೋಪಜೀವಿಗಳ ಸೋಂಕು, ಬಡತನ, ಇವೆಲ್ಲವೂ ಇನ್ನೂ ಕಟಕಟೆಯಲ್ಲಿ ನಿಂತಿವೆ. ಬಡತನ ಇಳಿದ ಕಡೆ ರೋಗವೂ ಇಳಿಯಿತೆಂದರೆ, ಅದರ ಮೂಲ ಒಂದೇ ಅಲ್ಲದಿರಬಹುದು. ಆ ಮೂಲವನ್ನು ಪೂರ್ತಿಯಾಗಿ ಗುರುತಿಸುವ ಕೆಲಸ ಇನ್ನೂ ಉಳಿದಿದೆ. ಇಂದು ಜೀವಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಓದುತ್ತಿರುವವರು ಅದನ್ನು ಮುಂದುವರಿಸಬೇಕು.