ಕಡಲ ಮುಂದೊಂದು ಮನೆ

ಕಡಲಿಗೆ ಮುಖ ಮಾಡಿದ ಮನೆಯನ್ನು ಮಾರುವವರು ಮನೆಗಿಂತ ಹೆಚ್ಚಾಗಿ ಕಡಲನ್ನೇ ಮಾರುತ್ತಾರೆ. ಬಣ್ಣದ ಜಾಹೀರಾತು ಪುಸ್ತಿಕೆಯ ಮೊದಲ ಪುಟಗಳೆಲ್ಲ ಸೂರ್ಯಾಸ್ತಕ್ಕೆ, ತೆಂಗಿನ ಸಾಲಿಗೆ, ಮರಳಿನ ಮೇಲಿನ ಬರಿಗಾಲ ಹೆಜ್ಜೆಗಳಿಗೆ ಮೀಸಲು. ಪಾಯ, ಬಾವಿ, ಚರಂಡಿಗಳ ವಿಚಾರ ಕೊನೆಯ ಪುಟದ ಸಣ್ಣ ಅಕ್ಷರಗಳಿಗೆ ಸೇರಿದ್ದು. ಜೊತೆಗೆ 'ಆಯ್ದ ಕೆಲವರಿಗೆ ಮಾತ್ರ' ಎಂಬ ಮಾತು, 'ಖಾಸಗಿ ಕಡಲತೀರ' ಎಂಬ ಇನ್ನೊಂದು ಮಾತು. ಕಾವಲುಗೋಡೆಯೊಳಗಿನ ಇಂಥ ಬಡಾವಣೆಗಳು ನಮ್ಮ ಕರಾವಳಿಯಲ್ಲಿಯೂ ಏಳುತ್ತಿರುವುದರಿಂದ, ನಿವೃತ್ತಿಯ ಗಂಟನ್ನು ಅಲ್ಲಿ ಬಿಚ್ಚಬಹುದೇ ಎಂದು ಯೋಚಿಸುವವರಿಗೆ ಉಪಯೋಗವಾದೀತೆಂದು ಕೆಲವು ಸಂಗತಿಗಳನ್ನು ಹೇಳಬಯಸುತ್ತೇನೆ.

ಈ ವಿಷಯದಲ್ಲಿ ನಾನು ತಟಸ್ಥನಲ್ಲ. ದಡದಲ್ಲಿ ನಿಂತವನು ಎಂಬ ಆ ಪದದ ಮೂಲಾರ್ಥದಲ್ಲಿ ಮಾತ್ರ ತಟಸ್ಥ. ಮೈಸೂರಿನಲ್ಲಿ 32 ವರ್ಷ ಪಾಠ ಹೇಳಿ ನಿವೃತ್ತನಾದವನು ನಾನು. ನನ್ನಾಕೆ ಕುಂದಾಪುರದ ಕಡೆಯವಳು. ಮುಪ್ಪಿನಲ್ಲಿ ಕಡಲ ಮೊರೆತ ಕಿವಿಗೆ ಬೀಳುವಲ್ಲಿ ಇರಬೇಕೆಂಬುದು ಆಕೆಯ ಬಹುಕಾಲದ ಆಸೆ. ಕಳೆದ ಡಿಸೆಂಬರಿನಲ್ಲಿ ಉಡುಪಿ ಮತ್ತು ಕುಂದಾಪುರಗಳ ನಡುವಿನ ಅಂಥದೊಂದು ಬಡಾವಣೆಗೆ ಹೋಗಿ ಮನೆ ನೋಡಿದೆವು. ಅವರು ಹೇಳಿದ ಬೆಲೆ ತೆತ್ತರೆ ಭವಿಷ್ಯನಿಧಿ, ಗ್ರ್ಯಾಚುಯಿಟಿ ಎರಡೂ ತೀರಿ, ಮೈಸೂರಿನ ಮನೆಯನ್ನೂ ಮಾರಬೇಕಾಗುತ್ತಿತ್ತು. ಹಿಂದಿರುಗಲು ನೆಲೆಯಿಲ್ಲದ ಹೆಜ್ಜೆ ಅದು. ಆದಕಾರಣ, ಒಪ್ಪುವ ಮೊದಲು ನಾಲ್ಕು ತಿಂಗಳ ಕಾಲ ಕಾಗದಪತ್ರಗಳನ್ನೂ ಬಲ್ಲವರನ್ನೂ ಕೇಳುತ್ತ ಕಳೆದೆ.

ಮೊದಲು 'ಖಾಸಗಿ ಕಡಲತೀರ'ದ ಮಾತನ್ನು ನೋಡೋಣ. ಉಬ್ಬರದ ಗೆರೆಯ ಕೆಳಗಿನ ನೆಲ 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ ಪ್ರಕಾರ ಸರ್ಕಾರದ್ದು. ಮಾರುವವನಿಗೇ ಇಲ್ಲದ ಹಕ್ಕು ಕೊಳ್ಳುವವನಿಗೆ ದಕ್ಕುವುದೆಂತು? ಗೆರೆಯ ಮೇಲಿನ ನೆಲಕ್ಕೂ ಕಟ್ಟುಪಾಡುಗಳುಂಟು. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಮೊದಲು ಹೊರಟಿದ್ದು 1991ರಲ್ಲಿ. ಅದು 2011ರಲ್ಲಿ ಒಮ್ಮೆ, 2019ರಲ್ಲಿ ಮತ್ತೊಮ್ಮೆ ಹೊಸ ರೂಪ ತಾಳಿತು. ಉಬ್ಬರದ ಗೆರೆಯಿಂದ ಒಳನಾಡಿನತ್ತ 500 ಮೀಟರು ಅದರ ಹಿಡಿತದಲ್ಲಿದೆ. ಗ್ರಾಮೀಣ ತೀರದಲ್ಲಿ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161 ಜನರಿಗಿಂತ ಹೆಚ್ಚು ದಟ್ಟಣೆಯಿದ್ದರೆ ಮೊದಲ 50 ಮೀಟರು, ಇಲ್ಲವಾದರೆ ಮೊದಲ 200 ಮೀಟರು ಅಭಿವೃದ್ಧಿ ನಿಷಿದ್ಧ ಪ್ರದೇಶ. ಕಡಲ ಉಬ್ಬರ ಏರಿಬರುವ ಹೊಳೆ, ಹಿನ್ನೀರುಗಳಿಗೂ ಬೇರೆ ಗೆರೆಯುಂಟು. ಮರವಂತೆಯನ್ನು ಕಂಡವರಿಗೆ ಇದು ಸುಲಭವಾಗಿ ಅರ್ಥವಾದೀತು. ಅಲ್ಲಿ ಹೆದ್ದಾರಿಯ ಪಡುವಣ ಮಗ್ಗುಲಲ್ಲಿ ಕಡಲು, ಮೂಡಣ ಮಗ್ಗುಲಲ್ಲಿ ಸೌಪರ್ಣಿಕೆ. ಮುಂಬಾಗಿಲಿನ ಗೆರೆಯನ್ನು ತಪ್ಪಿಸಿಕೊಂಡ ಮನೆ ಹಿತ್ತಿಲ ಗೆರೆಗೆ ಸಿಕ್ಕಿಕೊಳ್ಳಬಹುದು.

"ಪಂಚಾಯತಿಯ ಪರವಾನಗಿ ಇದೆಯಲ್ಲ!" ಎಂದು ಸಮಾಧಾನಪಟ್ಟುಕೊಳ್ಳುವವರು ಕೊಚ್ಚಿಯ ಮರಡು ಎಂಬಲ್ಲಿ ನಡೆದದ್ದನ್ನು ನೆನೆಯಬೇಕು. ಹಿನ್ನೀರಿನ ಅಂಚಿನ ಆ ವಸತಿ ಸಮುಚ್ಚಯಗಳಿಗೂ ಸ್ಥಳೀಯ ಪಂಚಾಯತಿಯ ಪರವಾನಗಿ ಇದ್ದಿತು. ಕರಾವಳಿ ನಿಯಮದ ಉಲ್ಲಂಘನೆಯಾಗಿದೆಯೆಂದು ಸರ್ವೋಚ್ಚ ನ್ಯಾಯಾಲಯ 2019ರ ಮೇ ತಿಂಗಳಿನಲ್ಲಿ ಅವುಗಳನ್ನು ಕೆಡವಲು ಆಜ್ಞಾಪಿಸಿತು. 2020ರ ಜನವರಿ 11 ಮತ್ತು 12ರಂದು ಸ್ಫೋಟಕವಿಟ್ಟು ನೆಲಸಮ ಮಾಡಲಾಯಿತು. ಮನೆ ಕಳೆದುಕೊಂಡವರಿಗೆ ತಲಾ 25 ಲಕ್ಷ ರೂಪಾಯಿಗಳ ಮಧ್ಯಂತರ ಪರಿಹಾರವನ್ನು ನ್ಯಾಯಾಲಯವೇ ಗೊತ್ತುಪಡಿಸಿತೆನ್ನಿ. ಆದರೆ ಕಟ್ಟಿದವರ ತಪ್ಪಿಗೆ ಸಾಮಾನು ಕಟ್ಟಿಕೊಂಡು ಹೊರನಡೆದವರು ಕೊಂಡವರು. ಆದ್ದರಿಂದ ಕೇಳಬೇಕಾದ ಕಾಗದ ಪರವಾನಗಿಯೊಂದೇ ಅಲ್ಲ. ಸರ್ವೆ ನಂಬರಿನ ಮೇಲೆ ಉಬ್ಬರದ ಗೆರೆಯನ್ನು ಗುರುತಿಸಿದ, ಅಧಿಕೃತ ಸಂಸ್ಥೆಯ ನಕ್ಷೆ.

ಕಾನೂನಿನ ಗೆರೆ ಕಾಗದದ ಮೇಲೆ ನಿಲ್ಲುತ್ತದೆ, ಕಡಲು ನಿಲ್ಲುವುದಿಲ್ಲ. ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಮರಳನ್ನು ಒಳಕ್ಕೆಳೆದುಕೊಂಡು, ಮಳೆ ನಿಂತ ಮೇಲಿನ ಸಣ್ಣ ಅಲೆಗಳು ಅದನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ತಂದಿಡುತ್ತವೆ. ಇದು ವರ್ಷವರ್ಷದ ಕೊಡುಕೊಳ್ಳುವಿಕೆ. ಡಿಸೆಂಬರಿನಲ್ಲಿ ಮನೆ ನೋಡಲು ಹೋದವರು ಕಾಣುವುದು ಸಾಲ ತೀರಿಸಿದ ಕಡಲನ್ನು. ಅಲೆಗಳು ದಡದುದ್ದಕ್ಕೂ ಮರಳನ್ನು ಸಾಗಿಸುವುದೂ ಉಂಟು. ಆ ದಾರಿಗೆ ಅಡ್ಡಲಾಗಿ ಕಲ್ಲಿನ ಗೋಡೆ ಚಾಚಿದರೆ ಒಂದು ಮಗ್ಗುಲಲ್ಲಿ ಮರಳು ಬೆಳೆಯುತ್ತದೆ, ಇನ್ನೊಂದು ಮಗ್ಗುಲು ಸವೆಯುತ್ತದೆ. ನೇತ್ರಾವತಿ-ಗುರುಪುರ ನದಿಗಳ ಅಳಿವೆಬಾಯಿಯಲ್ಲಿ ಅಲೆತಡೆಗಳನ್ನು ಕಟ್ಟಿದ ಮೇಲೆ ಉತ್ತರದ ಬೆಂಗ್ರೆಯ ಕಡೆ ಮರಳು ಸೇರಿತು. ದಕ್ಷಿಣದ ಉಳ್ಳಾಲ ಕಡಲ್ಕೊರೆತಕ್ಕೆ ಹೆಸರಾಯಿತು. ನಮ್ಮ ಮನೆಯ ಮುಂದಿನ ದಂಡೆಯ ಹಣೆಬರಹವನ್ನು ಮೈಲಿಗಳಾಚೆಯ ಬಂದರು ಬರೆಯಬಹುದು. ಇದರ ಮೇಲೆ, 1901ರಿಂದ 2018ರವರೆಗೆ ಲೋಕದ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರಿನಷ್ಟು ಏರಿದೆ; ಏರಿಕೆಯ ವೇಗವೂ ಹೆಚ್ಚುತ್ತಿದೆ.

ನೀರಿನ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಕರಾವಳಿಯ ಮರಳಿನಡಿಯಲ್ಲಿ ಮಳೆಯ ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಿಹಿನೀರಿನ ಮಟ್ಟ ಕಡಲಿಗಿಂತ ಒಂದು ಅಡಿ ಮೇಲಿದ್ದರೆ, ಕಡಲಿನ ಮಟ್ಟದ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರಬೇಕೆಂಬುದು 19ನೆಯ ಶತಮಾನದ ಕೊನೆಯಲ್ಲಿಯೇ ವಿಜ್ಞಾನಿಗಳು ಕಂಡುಕೊಂಡ ಸೂತ್ರ. ಇದನ್ನೇ ತಿರುಗಿಸಿ ಓದಿದರೆ ಎದೆ ಝಲ್ಲೆನ್ನುತ್ತದೆ: ಪಂಪು ಹಾಕಿ ಮೇಲಿನ ಒಂದಡಿಯನ್ನು ಎಳೆದರೆ ಕೆಳಗಿನ ಉಪ್ಪು 40 ಅಡಿ ಮೇಲೇರಲು ಹವಣಿಸುತ್ತದೆ. ಕೊಡದಲ್ಲಿ ಸೇದುತ್ತಿದ್ದ ಊರಿನ ಬಾವಿಗಳು ಈ ಸಮತೋಲವನ್ನು ಕೆಡಿಸಿರಲಿಲ್ಲ. ಹುಲ್ಲುಹಾಸಿಗೆ, ಈಜುಕೊಳಕ್ಕೆ ಹಗಲಿರುಳು ನೀರೆತ್ತುವ ಬಡಾವಣೆಯ ಮಾತು ಬೇರೆ. ಅದರ ಉಪ್ಪು ಗೋಡೆಯಾಚೆಯ ಬಡವರ ಬಾವಿಗೂ ಹೋಗುತ್ತದೆ. ಬಾವಿಯ ನೀರನ್ನು ಮೇ ತಿಂಗಳಲ್ಲಿ ರುಚಿ ನೋಡಬೇಕು, ಅದೂ ನೆರೆಮನೆಯ ಬಾವಿಯದನ್ನು.

ಉಪ್ಪುಗಾಳಿ ಕಬ್ಬಿಣಕ್ಕೆ ಮಾಡುವುದನ್ನು ಕರಾವಳಿಯವರಿಗೆ ಹೇಳಬೇಕಾದ್ದಿಲ್ಲ. ಕಾಂಕ್ರೀಟಿನೊಳಗಿನ ಸರಳಿಗೂ ಅದು ಬಿಟ್ಟದ್ದಲ್ಲ. ಕಡಲಿನ ಗಾಳಿಗೆ ತೆರೆದ ಕಟ್ಟಡದಲ್ಲಿ ಸರಳಿನ ಮೇಲೆ ಕನಿಷ್ಠ 45 ಮಿಲಿಮೀಟರು ಕಾಂಕ್ರೀಟಿನ ಹೊದಿಕೆ ಇರಬೇಕೆಂದು ಭಾರತೀಯ ಮಾನಕ 456 ಹೇಳುತ್ತದೆ. ಒಳನಾಡಿನ ಸಾಧಾರಣ ಪರಿಸರಕ್ಕೆ 20 ಸಾಕು. ಗಿಲಾವು ಮಾಡಿ ಬಣ್ಣ ಬಳಿದ ಮೇಲೆ ಇದನ್ನು ಕಣ್ಣಿನಿಂದ ತಿಳಿಯಲಾಗದು, ಎಂಜಿನಿಯರನ್ನು ಕರೆದೊಯ್ಯಬೇಕು. ಕಟ್ಟಡದ ರಚನೆಯ ದೋಷಕ್ಕೆ ಮನೆ ಒಪ್ಪಿಸಿದ ದಿನದಿಂದ ಐದು ವರ್ಷ ಕಟ್ಟಿದವನೇ ಹೊಣೆಯೆಂದು 2016ರ ರಿಯಲ್ ಎಸ್ಟೇಟ್ ಅಧಿನಿಯಮ ವಿಧಿಸುತ್ತದೆ, ನಿಜ. ತುಕ್ಕಿಗೆ ಅವಸರವಿಲ್ಲ. ಆರನೆಯ ವರ್ಷದಲ್ಲಿಯೂ ಅದು ಗೋಡೆ ಸೀಳಿಕೊಂಡು ಬರಬಹುದು. ಆಗ ಕಟ್ಟಿದವನು ಇರುವುದಿಲ್ಲ, ನಿವಾಸಿಗಳ ಸಂಘವಿರುತ್ತದೆ. ನಾವು ನೋಡಿದ ಬಡಾವಣೆಯಲ್ಲಿ ಮಾರಾಟವಾದ ಮನೆಗಳಲ್ಲಿ ಹೆಚ್ಚಿನವಕ್ಕೆ ಬೀಗ. ಒಡೆಯರು ಬೆಂಗಳೂರಿನಲ್ಲಿ, ದುಬೈಯಲ್ಲಿ. ಅಂಥ ಸಂಘದಲ್ಲಿ ಹಣ ಕೊಡುವವರು ಸಿಕ್ಕಾರು, ಸಭೆಗೆ ಬರುವವರು ಸಿಗಲಾರರು. ಆಷಾಢದ ರಾತ್ರಿ ವಿದ್ಯುತ್ತು ಹೋದಾಗ ಬಾಗಿಲು ತಟ್ಟಲು ನೆರೆಯವನೂ ಇರಲಾರ.

ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ ಮೂರು ತಲೆಮಾರುಗಳು ಕಡಲ ಮಗ್ಗುಲಲ್ಲೇ ಬಾಳುತ್ತವೆ. ಆ ಕಡಲು ನೋಟದ ವಸ್ತುವಲ್ಲ, ಬದುಕಿನ ಪಾಲುದಾರ. ಕಡಲಂಚಿನ ಮೊಗವೀರ, ಖಾರ್ವಿ ಕುಟುಂಬಗಳಿಗೆ ಇಂದಿಗೂ ದಂಡೆಯೆಂದರೆ ದೋಣಿ ಎಳೆದಿಡುವ, ಬಲೆ ಹರವುವ, ಮೀನು ಒಣಗಿಸುವ ಅಂಗಳ. ಬಡಾವಣೆಯ ನಕ್ಷೆಯನ್ನು ಬಿಡಿಸಿದಾಗ ಊರಿನಿಂದ ಕಡಲಿಗೆ ಇಳಿಯುವ ಮೂರು ಮೀಟರು ಅಗಲದ ಕಾಲುದಾರಿ ಅದರಲ್ಲಿ ಸ್ಪಷ್ಟವಾಗಿಯೇ ಇತ್ತು. ಸ್ಥಳದಲ್ಲಿ ಇದ್ದದ್ದು ಬೀಗ ಹಾಕಿದ ಗೇಟು. ಕೈರಂಪಣಿ ಎಳೆಯುವವರು ಈಗ ಅರ್ಧ ಮೈಲಿ ಸುತ್ತಿ ಬರುತ್ತಾರೆಂದು ಜೊತೆಗಿದ್ದ ನನ್ನ ಭಾವಮೈದುನ ಹೇಳಿದ. "ಕಡ್ಲ್ ಕಾಂಬುಕೆ ದುಡ್ಡ್ ಎಂತಕೆ, ಭಾವಾ?" ಎಂಬುದು ಮೊದಲಿನಿಂದಲೂ ಅವನ ವಾದ.

ಬೀಗದ ಕೈ ಯಾರ ಬಳಿ ಇರುತ್ತದೆಂದು ಮಾರಾಟದ ಹುಡುಗನನ್ನು ಕೇಳಿದೆ. ಆತ ವಿನಯದಿಂದಲೇ, "ಆ ಕಡೆಯವರು ಯಾರೂ ಒಳಗೆ ಬರುವುದಿಲ್ಲ ಸಾರ್, ನಿಮಗೇನೂ ತೊಂದರೆಯಾಗದು" ಎಂದ. ನನ್ನಾಕೆ ಗೇಟಿನ ಸರಳು ಹಿಡಿದು ನಿಂತಿದ್ದವಳು, "ಆ ಕಡೆಯವರೆಂದರೆ ನಾವೇ ಅಲ್ಲವೇನಪ್ಪಾ?" ಎಂದಳು.

ಉಬ್ಬರದ ಗೆರೆಯ ನಕ್ಷೆಯನ್ನು ಎರಡು ಸಲ ಕಾಗದ ಬರೆದು ಕೇಳಿದೆ. ಬಂದದ್ದು ಪುಸ್ತಿಕೆಯ ಇನ್ನೊಂದು ಪ್ರತಿ. ಮುಂಗಡ ಕೊಡಲಿಲ್ಲ. ಜೂನಿನಿಂದ ಆಗಸ್ಟಿನವರೆಗೆ ಅದೇ ಊರಿನಲ್ಲಿ, ಹೆದ್ದಾರಿಯ ಮೂಡಣಕ್ಕೆ, ಹಂಚಿನ ಮನೆಯೊಂದನ್ನು ಬಾಡಿಗೆಗೆ ಗೊತ್ತುಮಾಡಿದ್ದೇವೆ. ಬಾವಿಯ ನೀರು ಸಿಹಿಯಾಗಿದೆ. ಪಡುವಣ ಜಗಲಿಗೆ ಮಡಲಿನ ತಟ್ಟಿ ಕಟ್ಟಿಸಿಕೊಡುತ್ತೇನೆಂದು ಮನೆಯೊಡೆಯರು ಒಪ್ಪಿದ್ದಾರೆ. ಕಡಲ ಮೊರೆತ ಮಳೆಗಾಲದಲ್ಲಿ ಅಲ್ಲಿಗೂ ಕೇಳಿಸುತ್ತದಂತೆ.